ಏನೂ ಇಲ್ಲದಿದ್ದರೂ ಸರಿ

ಹಯವದನ ಮೇಷ್ಟ್ರು ಸಾಯುವಾಗ ಆಡಿದ ಕೊನೆಯ ಮಾತಿಗೆ ನಾನೇ ಕಾರಣ ಎಂದು ಊರಿನಲ್ಲಿ ಯಾರೂ ನನ್ನೆದುರು ಹೇಳಲಿಲ್ಲ. ಹೇಳಿದ್ದರೆ ಏನಾದರೂ ಉತ್ತರ ಕೊಟ್ಟು ಹಗುರಾಗಬಹುದಿತ್ತು. ಮೇಷ್ಟ್ರು ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಮಗಳು ಇಂದುಮತಿಯನ್ನು ಕರೆಸಿಕೊಂಡರು, ಕೈ ಹಿಡಿದುಕೊಂಡರು, "ನೋಡು ಮಗಾ" ಅಂದರು. ಆಮೇಲೆ ಒಂದು ಸಲ ಉಸಿರೆಳೆದುಕೊಂಡು, "ಮಂಡಿನೋವೇ? ಇಂದೇ ಹಚ್ಚಿ, ನಾಳೆಯೇ ಮೆಟ್ಟಿಲು ಹತ್ತಿ" ಅಂದು ಕಣ್ಣು ಮುಚ್ಚಿದರು. ಆ ಮಂಡಿ ಎಣ್ಣೆಯ ಜಾಹೀರಾತು ಅವತ್ತು ಬೆಳಿಗ್ಗೆ ನನ್ನ ಜಾಲತಾಣದಲ್ಲಿ ಇತ್ತು. ತಾವು ಹೋದರೆ ಮೈ ತೊಳೆಯುವ ಹೊತ್ತಿಗೆ ನಲ್ಲಿಯಲ್ಲಿ ನೀರು ಇರುತ್ತದೋ ಇಲ್ಲವೋ ಎಂದು ಮೇಷ್ಟ್ರು ಮೊಬೈಲು ತರಿಸಿಕೊಂಡು ನೋಡಿದ್ದರಂತೆ. ಅವರು ಮೊದಲಿನಿಂದಲೂ ಮುಂದಾಲೋಚನೆಯ ಮನುಷ್ಯ.

ನಮ್ಮೂರಿನಲ್ಲಿ ಯಾರು ಜಾಹೀರಾತು ನೋಡಿದರೂ ಅದು ಹೊತ್ತು ಮುಳುಗುವುದರೊಳಗೆ ಒಂದು ಸಲ ಅವರ ಬಾಯಿಂದ ಹೊರಗೆ ಬರುತ್ತದೆ. ಯಾವ ಗಳಿಗೆಯಲ್ಲಿ ಎಂದು ಹೇಳಲಾಗದು. ಬೇರೆ ಊರಿನಿಂದ ಸೊಸೆಯಾಗಿ ಬಂದವರಿಗೂ ಮೂರನೇ ದಿನದಿಂದ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಅಂಗಡಿಗಳಿಗೆ ಬೋರ್ಡಿಲ್ಲ. ಚಪ್ಪಲಿ ಅಂಗಡಿಯವನು ಒಂದು ಚಪ್ಪಲಿ ತೂಗುಹಾಕುತ್ತಾನೆ, ಕ್ಷೌರದವನು ಒಂದು ಕನ್ನಡಿ. ಗೋಡೆಗಳೆಲ್ಲ ಖಾಲಿ. ಬಾಯಿಗೆ ಬಂದಾಗ ಏನು ಮಾಡಬೇಕೆಂಬುದನ್ನು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಕಲಿಸುತ್ತಾರೆ: ಮುಖವನ್ನು ಎಡಕ್ಕೆ ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಹೇಳಿ ಮುಗಿಸಿಬಿಡಬೇಕು. ಹತ್ತಿರ ಇದ್ದವರು "ಹೋಯ್ತು ಬಿಡಿ" ಅನ್ನಬೇಕು. ಹಾಗೆ ಅಂದಮೇಲೆ ಆ ಮಾತು ಆಡಿದವರದ್ದಲ್ಲ. ಅದನ್ನು ಹಿಡಿದು ಯಾರೂ ಜಗಳ ತೆಗೆಯುವಂತಿಲ್ಲ, ನ್ಯಾಯಾಧೀಶರು ಕೂಡ ಅದನ್ನು ಬರೆದುಕೊಳ್ಳುವಂತಿಲ್ಲ. ಧಾರೆಗೆ ಮುಂಚೆ ಪುರೋಹಿತರು, "ಹುಡುಗನದ್ದು ಬಂದಾಯಿತೇ?" ಎಂದು ಕೇಳಿಯೇ ಮಂತ್ರ ಶುರುಮಾಡುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಜನ ನನ್ನ ಜಾಲತಾಣ ನೋಡುತ್ತಿದ್ದುದು ನೀರಿನ ಸಲುವಾಗಿ. ಅದರ ಹೆಸರು 'ಇವತ್ತು'. ನಮ್ಮಲ್ಲಿ ನಲ್ಲಿ ನೀರು ಒಂದೊಂದು ದಿನ ಒಂದೊಂದು ಬೀದಿಗೆ, ಮುಕ್ಕಾಲು ಗಂಟೆ ಮಾತ್ರ. ಯಾವ ಬೀದಿಗೆ, ಎಷ್ಟು ಹೊತ್ತಿಗೆ ಎಂಬುದು ಟ್ಯಾಂಕಿನ ಮಟ್ಟ ನೋಡಿದ ಮೇಲೆ ನೀರುಗಂಟಿ ಮುದ್ದಯ್ಯನಿಗೆ ಹೊಳೆಯುತ್ತದೆ. ಅವನು ಬೆಳಗಿನ ಐದಕ್ಕೆ ನನಗೆ ಫೋನು ಮಾಡುತ್ತಾನೆ, ನಾನು ಹಾಕುತ್ತೇನೆ. ಅದರ ಜೊತೆಗೆ ಕರೆಂಟು ಹೋಗುವ ಹೊತ್ತು, ತೀರಿಕೊಂಡವರು, ಕಳೆದುಹೋದ ಮೇಕೆ. ನಿನ್ನೆಯದೇನೂ ಅದರಲ್ಲಿ ಉಳಿಯುವುದಿಲ್ಲ. ನಾನು ಹಗಲು ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಬರೆಯುವವಳು. ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಕಂಪ್ಯೂಟರೂ ಪತ್ರವ್ಯವಹಾರವೂ ಕಲಿತೆ. ಪರೀಕ್ಷೆಯಲ್ಲಿ ಪಾಸಾಗಿದ್ದು ಮೌಲ್ಯಮಾಪಕರ ತಪ್ಪಿರಬಹುದು ಎಂಬ ಅನುಮಾನ ನನಗೆ ಇನ್ನೂ ಇದೆ. ಆದರೆ 'ಇವತ್ತು' ಮಾತ್ರ ಆರು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಸರಿಯಾಗಿ ನಡೆಯುತ್ತಿರುವುದು ಅದೊಂದೇ.

ಜಾಲತಾಣ ಇಟ್ಟುಕೊಳ್ಳಲು ಜಾಗದ ಬಾಡಿಗೆ ಕಟ್ಟಬೇಕು, ವರ್ಷಕ್ಕೆ ಹನ್ನೆರಡು ಸಾವಿರ. ಅದನ್ನು ದೂರದ ಒಂದು ಜಾಹೀರಾತು ಕಂಪನಿ ಕೊಡುತ್ತಿತ್ತು, ಬದಲಿಗೆ ದಿನಕ್ಕೊಂದು ಜಾಹೀರಾತು ತಾನೇ ತಂದು ಅಂಟಿಸುತ್ತಿತ್ತು. ಯಾವುದು ಬರುತ್ತದೆಂದು ನನಗೂ ಗೊತ್ತಾಗುತ್ತಿರಲಿಲ್ಲ. ಕೂದಲ ಬಣ್ಣ, ತುರಿಕೆ ಸೋಪು, ಈಜುಕೊಳವಿರುವ ಮೂರು ಕೋಣೆಯ ಮನೆ. ನೀರು ಹಿಡಿಯಲು ನಿಂತ ಹೆಂಗಸರು ಎಡಕ್ಕೆ ತಿರುಗಿ ಈಜುಕೊಳದ ಮಾತು ಹೇಳಿ ಮುಗಿಸಿ ಮತ್ತೆ ಕೊಡ ಒಡ್ಡುತ್ತಿದ್ದರು.

ಮೇಷ್ಟ್ರ ಹನ್ನೆರಡನೇ ದಿನ ಮುಗಿದ ಮೇಲೆ ಇಂದುಮತಿ ನ್ಯಾಯಬೆಲೆ ಅಂಗಡಿಗೆ ಬಂದಳು. ಅವಳ ಕೈಯಲ್ಲಿ ಚೀಲವಿರಲಿಲ್ಲ.

"ಜಗಳಕ್ಕೆ ಬಂದಿಲ್ಲ ಪದ್ಮಾಕ್ಷಿ," ಅಂದಳು.

"ಆಡಿದ್ರೂ ಪರವಾಗಿಲ್ಲ. ನಂದೇ ತಪ್ಪು."

"ತಪ್ಪು ಅಂತ ಯಾರು ಅಂದ್ರು? 'ಹೋಯ್ತು ಬಿಡಿ' ಅಂತ ನಾನೇ ಅಂದೆ, ಅಭ್ಯಾಸ ನೋಡು. ಅಪ್ಪ ಹೋದ್ಮೇಲೆ ಗೊತ್ತಾಯ್ತು, ಏನ್ ಅಂದ್ಬಿಟ್ಟೆ ಅಂತ." ಅವಳು ಸಕ್ಕರೆ ಮೂಟೆಯ ಮೇಲೆ ಕೂತಳು. "ಅವರು ಮೊದ್ಲು 'ನೋಡು ಮಗಾ' ಅಂದ್ರಲ್ಲ, ಅದು ಅವರದ್ದೇ. ಆಮೇಲಿನ ಜಾಗಕ್ಕೆ ನಿನ್ನ ಎಣ್ಣೆ ಬಂದು ಕೂತ್ಕೊಳ್ತು. ಅದು ಇಲ್ದೆ ನೀರಿನ ಹೊತ್ತು ಹಾಕೋಕೆ ಆಗಲ್ವಾ?"

ಆಗುತ್ತದೆ ಎಂದು ಹೇಳಿಬಿಟ್ಟೆ. ನನ್ನದು ಅದೇ ಕಾಯಿಲೆ. ಯಾರಾದರೂ ಮೂಟೆಯ ಮೇಲೆ ಕೂತು ಕೇಳಿದರೆ ಆಗುತ್ತದೆ ಅಂದುಬಿಡುತ್ತೇನೆ. ಅವತ್ತೇ ಕಂಪನಿಗೆ ಬರೆದು ಜಾಹೀರಾತು ನಿಲ್ಲಿಸಿದೆ. ಬಾಡಿಗೆಯ ಗಡುವು ತಿಂಗಳ ಕೊನೆಗೆ, ಅಂದರೆ ಇಪ್ಪತ್ತೆರಡು ದಿನ ಇತ್ತು. ಅಷ್ಟರೊಳಗೆ ಹನ್ನೆರಡು ಸಾವಿರ ಕಟ್ಟದಿದ್ದರೆ 'ಇವತ್ತು' ಇರುವುದಿಲ್ಲ. ಮುದ್ದಯ್ಯ ಹಿಂದಿನಂತೆ ಗಂಟೆ ಬಾರಿಸಿಕೊಂಡು ಬೀದಿ ಬೀದಿ ಓಡಬೇಕು. ಅವನಿಗೆ ಐವತ್ತೆಂಟು, ಎಡಗಾಲು ಎಳೆಯುತ್ತದೆ.

ಜಾಹೀರಾತಿಲ್ಲದೆ ಬರೀ ದೇಣಿಗೆಯಲ್ಲಿ ನಡೆಯುವ ಜಾಲತಾಣಗಳು ಲೋಕದಲ್ಲಿವೆ ಎಂದು ಸಂಜೆ ಕಾಲೇಜಿನಲ್ಲಿ ಕೇಳಿದ್ದೆ. ಕೇಳಬೇಕು ಅಷ್ಟೆ. ಆದರೆ ಮನೆ ಮನೆಗೆ ಹೋಗಿ ಕೇಳುವುದೆಂದರೆ ನನ್ನ ನಾಲಿಗೆ ಒಣಗುತ್ತದೆ. ಪಕ್ಕದ ಮನೆಯವರು ಕಡ ಒಯ್ದ ಒರಳುಗುಂಡನ್ನು ವಾಪಸ್ ಕೇಳಲಾಗದೆ ನಾನು ಹೊಸ ಒರಳುಗುಂಡು ಕೊಂಡವಳು. ಅದಕ್ಕೇ ಬರೆದು ಕೇಳಿಬಿಡೋಣ ಎಂದುಕೊಂಡೆ. ಪತ್ರವ್ಯವಹಾರದ ಮೇಷ್ಟ್ರು ಎರಡು ಸಂಗತಿ ಹೇಳಿಕೊಟ್ಟಿದ್ದರು: ಸಂಬೋಧನೆ ಇಲ್ಲದೆ ಪತ್ರ ಬರೆಯಬಾರದು, ಓದುವವರಿಗೆ ಯಾವ ಮುಜುಗರ ಆಗಬಹುದೋ ಅದನ್ನು ಮೊದಲೇ ನಿವಾರಿಸಬೇಕು. ಮೂರು ದಿನ ತಿದ್ದಿ ಇಷ್ಟು ಬರೆದೆ: "ಮಾನ್ಯರೇ, ಕೇಳಲು ಸಂಕೋಚವಾಗುತ್ತಿದೆ. 'ಇವತ್ತು' ಉಳಿಯಲು ನಿಮ್ಮ ಕೈಲಾದಷ್ಟು ಕೊಡಿ. ಎಷ್ಟಾದರೂ ಸರಿ, ಏನೂ ಇಲ್ಲದಿದ್ದರೂ ಸರಿ. ಕೊಟ್ಟ ಮೇಲೆ ಬೇಸರವಾದರೆ ವಾಪಸ್ ತೆಗೆದುಕೊಳ್ಳಬಹುದು. ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ." ಒಂದು ಸೋಮವಾರ ಬೆಳಿಗ್ಗೆ ನೀರಿನ ಹೊತ್ತಿನ ಕೆಳಗೆ ಅದನ್ನು ಹಾಕಿದೆ.

ನಾನು ಕೆಲಸಕ್ಕೆ ಹೋಗುವ ಎಂಟೂವರೆಯ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುತ್ತ ನನ್ನ ಮುಂದಿನ ಸೀಟಿನವನಿಗೆ, "ಎಲ್ಲಿಗೆ? ಹದಿನಾರು ರೂಪಾಯಿ. ಎಷ್ಟಾದರೂ ಸರಿ, ಏನೂ ಇಲ್ಲದಿದ್ದರೂ ಸರಿ," ಅಂದ. ಮುಂದಿನ ಸೀಟಿನವನು ಸ್ವಲ್ಪ ಹೊತ್ತು ಅವನ ಮುಖ ನೋಡಿ, ತೆಗೆದ ಇಪ್ಪತ್ತು ರೂಪಾಯಿಯನ್ನು ಜೇಬಿಗೆ ವಾಪಸ್ ಹಾಕಿಕೊಂಡ. ದೇಣಿಗೆ ಕೇಳುವುದೂ ಜಾಹೀರಾತೇ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಈಗಲೂ ಅದು ನ್ಯಾಯವೋ ಅನ್ಯಾಯವೋ ಗೊತ್ತಿಲ್ಲ. ಹೊಟ್ಟೆ ತುಂಬಿದವನು ಕೂಗಿದರೂ ಹಸಿದವನು ಕೂಗಿದರೂ ನಮ್ಮೂರಿನ ಗಾಳಿಗೆ ಎರಡೂ ಒಂದೇ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಜಾಹೀರಾತಿಗೆ ಒಂದು ಗತ್ತಿರುತ್ತದೆ. ಎಂಥ ಮೆದುಮಾತಿನವರೂ ಅದನ್ನು ಹೇಳುವಾಗ ದನಿ ಎತ್ತಿಬಿಡುತ್ತಾರೆ, ಅದರಿಂದಲೇ ಜಾಹೀರಾತು ಬರುತ್ತಿದೆ ಎಂದು ಅವರಿಗೂ ಗೊತ್ತಾಗಿ ಮುಖ ತಿರುಗಿಸುತ್ತಾರೆ. ನಾನು ಬರೆದದ್ದಕ್ಕೆ ಗತ್ತೇ ಇರಲಿಲ್ಲ. ಜೊತೆಗೆ ಅದು ಉದ್ದ. ತುಂಡು ತುಂಡಾಗಿ, ಒಂದು ಸಾಲು ಈಗ, ಒಂದು ಸಾಲು ಆಮೇಲೆ, ಮಾಮೂಲಿ ಮಾತಿನ ಮಧ್ಯೆ ಸೇರಿಕೊಂಡು ಬರುತ್ತಿತ್ತು. ಯಾರೂ ಎಡಕ್ಕೆ ತಿರುಗಲಿಲ್ಲ, ಯಾರೂ "ಹೋಯ್ತು ಬಿಡಿ" ಅನ್ನಲಿಲ್ಲ. ಆಡಿದವರೂ ಕೇಳಿದವರೂ ಅದನ್ನು ಸ್ವಂತ ಮಾತೆಂದೇ ತಿಳಿದರು.

ಸಂತೆಯಲ್ಲಿ ಬದನೆಕಾಯಿ ಮಾರುವ ಹುಚ್ಚೀರಮ್ಮ ಬುಟ್ಟಿಯ ಮುಂದೆ ಒಟ್ಟಿಗೆ ನಿಂತಿದ್ದ ಐದು ಜನಕ್ಕೆ ಏನೂ ಇಲ್ಲದಿದ್ದರೂ ಸರಿ ಅಂದಳು. ಆರನೆಯವರು ಬರುವ ಹೊತ್ತಿಗೆ ಬುಟ್ಟಿ ಖಾಲಿ. ಹೆಂಡತಿಯ ಎದುರು ಇಪ್ಪತ್ತೆರಡು ವರ್ಷ ತಗ್ಗದ ದರ್ಜಿ ಪುಟ್ಟಸ್ವಾಮಿ, ಸಾರಿಗೆ ಉಪ್ಪು ಜಾಸ್ತಿ ಎಂದು ಬೈಯುತ್ತಿದ್ದವನು, "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ" ಅಂದ. ಆಕೆ ಅಕ್ಕಪಕ್ಕದವರನ್ನು ಕರೆದು ತೋರಿಸಿ, ಸಂಜೆಗೆ ಶಾವಿಗೆ ಪಾಯಸ ಮಾಡಿದಳು. ನನ್ನ ಬಾಯಿಂದಲೂ ಅವತ್ತು ಎಲ್ಲ ಸಾಲುಗಳೂ ಬಂದಿರಬೇಕು. ನಾನು ಯಾವಾಗಲೂ ಹಾಗೇ ಮಾತಾಡುವುದರಿಂದ ಅಂಗಡಿಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ದೇಣಿಗೆ ಎಂದು ಬಂದದ್ದು ನಾನೂರ ಹತ್ತು ರೂಪಾಯಿ, ಒಂದು ಸೋರೆಕಾಯಿ. ಏನೂ ಇಲ್ಲದಿದ್ದರೂ ಸರಿ ಎಂದು ನಾನೇ ಬರೆದಿದ್ದೆನಲ್ಲ, ಜನ ನಂಬಿದರು. ಸಂಜೆಯೊಳಗೆ ಅದನ್ನು ಅಳಿಸಿಹಾಕಿದೆ.

ಮರುದಿನ ಬೆಳಿಗ್ಗೆ ಮುದ್ದಯ್ಯ ಫೋನು ಮಾಡಲಿಲ್ಲ, ತಾನೇ ಬಂದ. ಕೈಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ.

"ಕೆಳಬೀದಿಗೆ ಆರೂಕಾಲು, ಮಂಟಪದ ಬೀದಿಗೆ ಏಳೂವರೆ. ಬರ್ಕೋ ಪದ್ದಕ್ಕ. ಆಮೇಲೆ ಇದನ್ ತಗೋ. ನಮ್ ಮಗಳು ಜಯಶೀಲಂಗೆ ಮದುವೆ ಗೊತ್ತಾಯ್ತು, ಮಿಲ್ಲಿನ ಬೆಟ್ಟಯ್ಯನ ಮಗನ ಜೊತೆ."

ನನಗೆ ಆಶ್ಚರ್ಯವಾಯಿತು. ಹಿಟ್ಟಿನ ಮಿಲ್ಲಿನ ಬೆಟ್ಟಯ್ಯನವರು ಮಗನಿಗೆ ಐದು ತೊಲ ಬಂಗಾರ, ಒಂದು ಬೈಕು ಕೇಳುತ್ತಾರೆಂದು ಮಧ್ಯಸ್ಥರು ಹೇಳಿ, ಮಾತುಕತೆ ಎರಡು ಸಲ ಮುರಿದಿತ್ತು. ಹುಡುಗ ಹುಡುಗಿ ಒಪ್ಪಿದ್ದರೂ ಮುದ್ದಯ್ಯನಿಂದ ಅದು ಸಾಧ್ಯವಿರಲಿಲ್ಲ.

"ಏನಂದ್ರು ಬೆಟ್ಟಯ್ಯನೋರು?"

"ನಿನ್ನೆ ಕೊನೇ ಮಾತು ಅಂತ ಕೂತಿದ್ವಿ. ಮಧ್ಯಸ್ಥರು, ನೀವೇನ್ ಹೇಳ್ತೀರಿ ಯಜಮಾನ್ರೆ ಅಂದ್ರು. ಅವರು ಮೀಸೆ ಒರೆಸ್ಕೊಂಡು, 'ಮಾನ್ಯರೇ, ಕೇಳಲು ಸಂಕೋಚವಾಗುತ್ತಿದೆ' ಅಂದ್ರು. ಒಂದ್ ಸಲ ಕೆಮ್ಮಿದ್ರು. 'ಎಷ್ಟಾದರೂ ಸರಿ, ಏನೂ ಇಲ್ಲದಿದ್ದರೂ ಸರಿ' ಅಂದ್ರು. ನಮ್ ಬಾಮೈದ ತಟ್ಟೆ ಎತ್ತಿ ತಾಂಬೂಲ ಅವರ ಕೈಗಿಟ್ಟೇಬಿಟ್ಟ."

ನಾನು ತಲೆ ತಗ್ಗಿಸಿದೆ. "ಮುದ್ದಣ್ಣ, ಅದು ಅವರ ಮಾತಲ್ಲ."

"ಗೊತ್ತು ಕಣಕ್ಕ. ಬೆಟ್ಟಯ್ಯ ಹುಟ್ಟಿದಾಗಿಂದ ಯಾರಿಗಾದ್ರೂ ಮಾನ್ಯರೇ ಅಂದಿದಾನಾ? ಅದನ್ ಕೇಳ್ದಾಗ್ಲೇ ಇದು ಪದ್ದಕ್ಕಂದು ಅಂತ ತಿಳೀತು. ಅದಕ್ಕೇ ಬಾಮೈದಂಗೆ ಸನ್ನೆ ಮಾಡ್ದೆ, ಬೇಗ ಕೊಡು ಅಂತ."

ತೆಂಗಿನಕಾಯಿಯನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಅವನು ಅದನ್ನು ಕಂಪ್ಯೂಟರಿನ ಪಕ್ಕ ಇಟ್ಟು ಕಾಲೆಳೆಯುತ್ತ ಹೋದ.

ಮಧ್ಯಾಹ್ನ ಬೆಟ್ಟಯ್ಯನವರು ನ್ಯಾಯಬೆಲೆ ಅಂಗಡಿಗೆ ಬಂದರು. ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ಸಾಲಿನಲ್ಲಿದ್ದವರು ದಾರಿ ಬಿಟ್ಟರು.

"ಏನಮ್ಮ ಪದ್ಮಾಕ್ಷಿ, ನನ್ ಬಾಯಿಗೆ ಏನ್ ತುರುಕ್ದೆ?"

"ಕ್ಷಮಿಸ್ಬೇಕು ಯಜಮಾನ್ರೆ."

"ಅದನ್ನೂ ಹೇಳ್ಸಿದೀಯ. ನಿನ್ನೆ ಸಂಜೆ ನಮ್ಮನೆ ಎಮ್ಮೆಗೆ ಕ್ಷಮೆ ಕೇಳಿದೀನಿ ನಾನು." ಅವರು ತಕ್ಕಡಿಯ ಮೇಲೆ ಒಂದು ಲಕೋಟೆ ಇಟ್ಟರು. ಮುಳ್ಳು ಸ್ವಲ್ಪ ಅಲುಗಿತು. "ಹನ್ನೆರಡು ಸಾವಿರ ತಾನೇ ನಿಂಗೆ ಬೇಕಾಗಿದ್ದು? ಪೂರ್ತಿ ಐತೆ. ದಾನ ಅಂತ್ಲೇ ಬರ್ಕೋ. ಬಡ್ಡಿ ಬೇಡ, ರಸೀತಿ ಬೇಡ. ಒಂದೇ ಒಂದು ಸಾಲು ಹಾಕು. 'ಸೋಮವಾರ ಬೆಟ್ಟಯ್ಯನವರು ಆಡಿದ್ದು ಅವರ ಮಾತಲ್ಲ, ಅವರ ಮಾತು ಮೊದಲಿನದೇ' ಅಂತ."

"ಮೊದಲಿನದು ಅಂದ್ರೆ..."

"ಊರಿಗೆಲ್ಲಾ ಗೊತ್ತು. ತೊಲ ಪಲ ಅಂತೆಲ್ಲ ಬರೀಬೇಡ, ಚೆನ್ನಾಗಿರಲ್ಲ."

ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಲಕೋಟೆ ತಕ್ಕಡಿಯ ಮೇಲೆಯೇ ಇತ್ತು. ಅದನ್ನು ತೆಗೆಯಲೂ ಆಗದೆ, ಅಕ್ಕಿ ತೂಗಲೂ ಆಗದೆ, ಸಾಲಿನವರನ್ನು ಅರ್ಧ ಗಂಟೆ ನಿಲ್ಲಿಸಿದೆ. ಕೊನೆಗೆ ಒಬ್ಬ ಮುದುಕಿ, "ಇದನ್ನೂ ಸೇರ್ಸಿ ತೂಗಿದ್ರೆ ನಂಗೇನ್ ಬೇಜಾರಿಲ್ಲ," ಅಂದಾಗ ಎತ್ತಿಟ್ಟೆ.

ಎರಡು ದಿನ ನನಗೆ ಊಟ ಸೇರಲಿಲ್ಲ. ಬೆಟ್ಟಯ್ಯನವರು ಹೇಳಿದ್ದರಲ್ಲಿ ಸುಳ್ಳೇನಿದೆ? ಮಾತು ಅವರದಲ್ಲ, ನನ್ನದು. ಒಬ್ಬರ ಬಾಯಲ್ಲಿ ನನ್ನ ಮಾತು ಸಿಕ್ಕಿಸಿ, ಅದರ ಮೇಲೆ ಒಂದು ಮದುವೆ ನಿಂತಿರುವಾಗ ಸುಮ್ಮನಿರುವುದು ತಪ್ಪು. ಸತ್ಯ ಹೇಳಿದರೆ ಜಯಶೀಲಳ ಮದುವೆ ಮುರಿಯುತ್ತದೆ, ಅದೂ ತಪ್ಪು. ಲಕೋಟೆ ತೆಗೆದುಕೊಂಡರೆ 'ಇವತ್ತು' ಒಂದು ವರ್ಷ ಉಳಿಯುತ್ತದೆ, ಮುದ್ದಯ್ಯನ ಕಾಲೂ ಉಳಿಯುತ್ತದೆ, ಆದರೆ ಅವನ ಮಗಳ ಮದುವೆ ಮುರಿದ ಹಣದಿಂದ. ಕಂಪನಿ ಹಣ ಕೊಟ್ಟು ತನ್ನ ಸಾಲು ಹಾಕಿಸುತ್ತಿತ್ತು, ಬೆಟ್ಟಯ್ಯನವರೂ ಹಣ ಕೊಟ್ಟು ತಮ್ಮ ಸಾಲು ಹಾಕಿಸುತ್ತಾರೆ, ಇದಕ್ಕೆ ದಾನ ಎಂದು ಹೇಗೆ ಬರೆಯುವುದು? ಹೀಗೆ ಸುತ್ತಿ ಸುತ್ತಿ ಗುರುವಾರ ಮಧ್ಯಾಹ್ನ ಇಂದುಮತಿಯ ಮನೆಗೆ ಹೋಗಿ ಎಲ್ಲ ಹೇಳಿದೆ.

ಅವಳು ಮೇಷ್ಟ್ರ ಪುಸ್ತಕಗಳ ಧೂಳು ಹೊಡೆಯುತ್ತಿದ್ದಳು. "ನಿಜ ಹೇಳೋಕೆ ಅವರ ಹತ್ರ ಹಣ ಯಾಕೆ ತಗೋಬೇಕು ನೀನು?" ಅಂದಳು. "ಬಿಟ್ಟಿ ಹೇಳು."

ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆಯಲಿಲ್ಲವೋ. ಹೊಳೆಯದೇ ಇರುವುದಕ್ಕೆ ಕಾರಣ, ಬಿಟ್ಟಿ ಹೇಳಿದರೆ ಹನ್ನೆರಡು ಸಾವಿರವೂ ಇಲ್ಲ, ಮದುವೆಯೂ ಇಲ್ಲ ಎಂಬ ಹೆದರಿಕೆ ಇರಬೇಕು. ಲಕೋಟೆಯನ್ನು ಮಿಲ್ಲಿಗೆ ತೆಗೆದುಕೊಂಡು ಹೋಗಿ ಬೆಟ್ಟಯ್ಯನವರ ಕೈಗೆ ಕೊಟ್ಟೆ. ಅವರು ಮಿಲ್ಲಿನ ಸದ್ದಿನಲ್ಲಿ ಏನೋ ಅಂದರು, ಕೇಳಿಸಲಿಲ್ಲ. ಕೇಳಿಸದ್ದು ಒಳ್ಳೆಯದೇ ಆಯಿತು. ಶುಕ್ರವಾರ ಬೆಳಿಗ್ಗೆ ನೀರಿನ ಹೊತ್ತಿನ ಕೆಳಗೆ ಹಾಕಿದೆ: "ಸೋಮವಾರ ನಿಮ್ಮ ಬಾಯಲ್ಲಿ ಬಂದ 'ಏನೂ ಇಲ್ಲದಿದ್ದರೂ ಸರಿ', 'ಕ್ಷಮಿಸಿ' ಮುಂತಾದವು ನಾನು ಬರೆದದ್ದು. ಬೇಡದವರು ತಮ್ಮ ಮಾತನ್ನು ಹಿಂದಕ್ಕೆ ಪಡೆಯಬಹುದು. - ಪದ್ಮಾಕ್ಷಿ."

ಇದೂ ಎಲ್ಲರ ಬಾಯಲ್ಲಿ ಬಂದುಬಿಟ್ಟರೆ ಎಂದು ಎಂಟೂವರೆಯ ಬಸ್ಸಿನಲ್ಲಿ ಕಂಡಕ್ಟರನ ಬಾಯನ್ನೇ ನೋಡುತ್ತ ಕೂತಿದ್ದೆ. ಕಂಡಕ್ಟರು, "ಹದಿನಾರು ರೂಪಾಯಿ, ಚಿಲ್ರೆ ಕೊಡಿ," ಅಂದ. ಮತ್ತೇನೂ ಸೇರಿಸಲಿಲ್ಲ. ಆ ಸಾಲು ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಯಾರ ಬಾಯಲ್ಲೂ ಬರಲಿಲ್ಲ.

ಊರಿನಲ್ಲಿ ಅವತ್ತೆಲ್ಲ ವಾಪಸಾತಿಯ ಗದ್ದಲ. ಹುಚ್ಚೀರಮ್ಮ ಐದು ಮನೆಗೆ ಹೋಗಿ ಬದನೆಕಾಯಿಯ ದುಡ್ಡು ವಸೂಲು ಮಾಡಿದಳು. ಒಂದು ಮನೆಯವರು ಹುಳಿ ಕೊಟ್ಟು ಕಳಿಸಿದರು. ದರ್ಜಿ ಪುಟ್ಟಸ್ವಾಮಿ ಹೆಂಡತಿಯ ಎದುರು ನಿಂತು, "ನೋಡು, ಅವತ್ತು ಅಂದಿದ್ದು ನಂದಲ್ವಂತೆ," ಅಂದನಂತೆ. ಆಕೆ, "ಸರಿ ಬಿಡಿ. ಪಾಯಸ ವಾಪಸ್ ಕೊಡಿ," ಅಂದಳಂತೆ. ಅವನು ಸ್ವಲ್ಪ ಹೊತ್ತು ಟೇಪು ಸುತ್ತಿಕೊಂಡು, ಅದು ತನ್ನದೇ ಇದ್ದರೂ ಇರಬಹುದು ಅಂದನಂತೆ.

ಸಂಜೆ ನಾಲ್ಕಕ್ಕೆ ಮುದ್ದಯ್ಯ ಕರೆಕಳಿಸಿದ. ಅವನ ಮನೆಯ ಜಗುಲಿಯ ಮೇಲೆ ಮಧ್ಯಸ್ಥರು, ಎರಡೂ ಕಡೆಯವರು ಕೂತಿದ್ದರು. ಬೆಟ್ಟಯ್ಯನವರು ಮಧ್ಯದ ಕುರ್ಚಿಯಲ್ಲಿ. ಅವರ ಮಗ ಚಂದ್ರಕಾಂತ ಕಂಬಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ. ಜಯಶೀಲ ಬಾಗಿಲಲ್ಲಿ ನಿಂತಿದ್ದಳು. ನಾನು ಮೆಟ್ಟಿಲ ಬಳಿಯೇ ಉಳಿದೆ. ಈ ಹುಡುಗಿಯ ಮದುವೆ ಮುರಿಯುವುದನ್ನು ನೋಡಲು ನನ್ನನ್ನು ಕರೆಸಿದ್ದು ನ್ಯಾಯವೇ ಎಂದುಕೊಂಡೆ.

"ಪದ್ಮಾಕ್ಷಿ ಹಾಕಿರೋದನ್ನ ಎಲ್ಲಾ ಓದಿದೀರಲ್ಲ," ಬೆಟ್ಟಯ್ಯನವರು ಶುರುಮಾಡಿದರು. "ಸೋಮವಾರದ ಮಾತನ್ನ ನಾನು ವಾಪಸ್ ತಗೊಂಡಿದೀನಿ."

"ಆಯ್ತು ಯಜಮಾನ್ರೆ," ಅಂದರು ಹಿರಿಯ ಮಧ್ಯಸ್ಥರು, ಮಡಿಕೆ ಮಾಡುವ ತಿಪ್ಪಣ್ಣ. "ಹಾಗಾದ್ರೆ ಈಗ ನಿಮ್ ಸ್ವಂತದ್ದು ಹೇಳ್ಬಿಡಿ."

"ಅದೇ, ನೀವೇ ಹೇಳಿದ್ರಲ್ಲ ಆವಾಗ."

"ನಾವು ಹೇಳಿದ್ದು ನಿಮ್ ಪರವಾಗಿ. ಈಗ ಯಾರ ಬಾಯಲ್ಲಿ ಯಾರ ಮಾತು ಅಂತ ಗಲಾಟೆ ಆಗೈತೆ. ನಿಮ್ ಬಾಯಲ್ಲೇ ಬರ್ಲಿ, ಒಂದ್ಸಲ."

ಬೆಟ್ಟಯ್ಯನವರು ಬಾಯಿ ತೆರೆದರು. ಅವರು ಮಿಲ್ಲಿನಲ್ಲಿ ದಿನಕ್ಕೆ ನೂರು ಸಲ ರೇಟು ಹೇಳುವವರು. ಆದರೆ ಮಗನ ರೇಟನ್ನು ಯಾವತ್ತೂ ತಾವೇ ಹೇಳಿದವರಲ್ಲ, ಅದಕ್ಕೆ ಮಧ್ಯಸ್ಥರಿದ್ದರು. ಚಂದ್ರಕಾಂತ ಉಗುರು ಬಿಟ್ಟು ಅಪ್ಪನ ಮುಖ ನೋಡಿದ. ಜಯಶೀಲಳೂ ನೋಡಿದಳು. ಬೆಟ್ಟಯ್ಯನವರ ಕಿವಿ ಕೆಂಪಾಯಿತು. ಒಂದು ಸಲ ಬಾಯಿ ಮುಚ್ಚಿ ತೆರೆದರು. ಆಮೇಲೆ ಅವರ ಮುಖ ತಾನಾಗಿಯೇ ಎಡಕ್ಕೆ ತಿರುಗಿತು, ಬಲಗೈ ಬಾಯಿಗೆ ಅಡ್ಡ ಬಂತು.

"ಐದು ತೊಲ ಬಂಗಾರ, ಒಂದು ಬೈಕು," ಅಂದರು, ಗೋಡೆಯ ಕಡೆಗೆ.

"ಹೋಯ್ತು ಬಿಡಿ," ಅಂದರು ಜಗುಲಿಯ ಮೇಲಿದ್ದವರೆಲ್ಲ, ಒಟ್ಟಿಗೆ. ನಾನೂ ಅಂದೆ. ಹುಟ್ಟಿದಾಗಿನಿಂದ ಅಂದುಕೊಂಡು ಬಂದದ್ದು, ನಾಲಿಗೆ ಯೋಚಿಸುವುದಿಲ್ಲ.

ಏನಾಯಿತೆಂದು ಮೊದಲು ತಿಳಿದದ್ದು ಬೆಟ್ಟಯ್ಯನವರಿಗೆ. "ಏಯ್, ಇದು ಜಾಹೀರಾತಲ್ಲ. ನನ್ ಮಾತು."

ತಿಪ್ಪಣ್ಣ ಗಡ್ಡ ಕೆರೆದುಕೊಂಡರು. "ಮುಖ ತಿರುಗಿಸಿದ್ದು ನೀವೇ ಅಲ್ವಾ ಯಜಮಾನ್ರೆ. ನಾವು ಬಿಡಿ ಅಂತ ಅಂದಾಯ್ತು. ಅಂದ್ಮೇಲೆ ಹಿಡ್ಕೊಳ್ಳೋ ಹಾಗಿಲ್ಲ."

"ಹಂಗಾದ್ರೆ ಇನ್ನೊಂದ್ ಸಲ ಹೇಳ್ತೀನಿ."

"ಹೇಳಿ. ಈ ಕಡೆ ನೋಡಿ ಹೇಳಿ. ಹುಡುಗಿ ಅಲ್ಲಿ ನಿಂತವ್ಳೆ, ಅವಳನ್ ನೋಡಿ ಹೇಳಿ."

ಬೆಟ್ಟಯ್ಯನವರು ಕುರ್ಚಿಯ ಕೈ ಹಿಡಿದುಕೊಂಡು ಜಯಶೀಲಳ ಕಡೆ ನೋಡಿದರು. ಅವಳು ಮುಖ ಕೆಳಗೆ ಹಾಕಲಿಲ್ಲ. "ಐದು," ಅಂದರು. ಬಲಗೈ ಕುರ್ಚಿ ಬಿಟ್ಟು ಮೇಲೇಳುತ್ತಿತ್ತು, ಎಡಗೈಯಿಂದ ಅದನ್ನು ಹಿಡಿದು ಕೆಳಗೆ ಒತ್ತಿದರು. ಕುತ್ತಿಗೆ ಎಡಕ್ಕೆ ಹೊರಳಿತು. ಚಂದ್ರಕಾಂತ ನಗು ತಡೆಯಲಾಗದೆ ಕಂಬದ ಹಿಂದೆ ಹೋದ.

"ಬಾರೋ ಇಲ್ಲಿ," ಬೆಟ್ಟಯ್ಯನವರು ಗದರಿದರು. "ನೀನೇ ಹೇಳು, ನಿಂಗೆ ಬೈಕು ಬೇಡ್ವಾ?"

"ನಂಗೆ ಬೈಕು ಓಡ್ಸಕ್ಕೇ ಬರಲ್ಲ ಅಪ್ಪಾಜಿ."

"ಒಂದು ಫ್ಯಾನ್ ಆದ್ರೂ ಕೊಡ್ಲಿ," ಅಂದರು ಬೆಟ್ಟಯ್ಯನವರು. ಇದನ್ನು ನೇರವಾಗಿ ನೋಡಿಯೇ ಅಂದರು. ಫ್ಯಾನಿಗೆ ನಾಚಿಕೆ ಪಡುವಂಥದ್ದೇನಿಲ್ಲ.

"ಫ್ಯಾನು ನಾನೇ ತರ್ತೀನಿ ಮಾವ," ಅಂದಳು ಜಯಶೀಲ ಬಾಗಿಲಿನಿಂದ. "ನನ್ ಕಡೆಗೇ ತಿರುಗಿಸ್ಕೋತೀನಿ."

ತಾಂಬೂಲ ಬದಲಾಗಲಿಲ್ಲ, ಮೊದಲೇ ಆಗಿತ್ತಲ್ಲ. ಕಾಫಿ ಬಂತು. ಬೆಟ್ಟಯ್ಯನವರು ನನ್ನ ಕಡೆ ನೋಡದೆ ಎರಡು ಲೋಟ ಕುಡಿದರು.

ಮದುವೆ ಉಳಿಯಿತು. 'ಇವತ್ತು' ಇನ್ನೂ ಉಳಿದಿರಲಿಲ್ಲ. ತಿಂಗಳ ಕೊನೆಗೆ ಹನ್ನೆರಡು ದಿನ, ಕೈಯಲ್ಲಿ ನಾನೂರ ಹತ್ತು ರೂಪಾಯಿ. ಜಾಹೀರಾತು ಹಾಕುವಂತಿಲ್ಲ, ಬರೆದು ಕೇಳುವಂತಿಲ್ಲ. ಯಾವುದಕ್ಕೆ ಹೆದರಿ ಇಷ್ಟೆಲ್ಲ ಅವಾಂತರ ಮಾಡಿದೆನೋ ಅದೇ ಉಳಿಯಿತು. ಭಾನುವಾರ ಒಳ್ಳೆಯ ಸೀರೆ ಉಟ್ಟು, ಅದು ಜಾಸ್ತಿಯಾಯಿತು ಎನ್ನಿಸಿ ಬದಲಿಸಿ, ಕೆಳಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದೆ.

"ನೀರು ಬರಲ್ವಾ ಇವತ್ತು?" ಅಂದಳು ಮನೆಯಾಕೆ, ಗಾಬರಿಯಿಂದ.

"ಬರುತ್ತೆ. ಅದಕ್ಕಲ್ಲ. ನಾನು ಬಂದಿದ್ದು..." ಅಲ್ಲಿಗೆ ನಿಂತಿತು.

"ದುಡ್ಡು ಕೇಳೋಕಾ? ಹಂಗನ್ನು ಮತ್ತೆ. ಎಷ್ಟು?"

ಎಷ್ಟಾದರೂ ಸರಿ ಎನ್ನಲು ಹೊರಟು ತಡೆದುಕೊಂಡೆ. ಆ ಮಾತಿನಿಂದ ಊರು ಪಟ್ಟ ಪಾಡು ಸಾಕಾಗಿತ್ತು. "ವರ್ಷಕ್ಕೆ ಮನೆಗೆ ಮೂವತ್ತು," ಅಂದೆ. ಆ ಲೆಕ್ಕ ಅದೇ ಗಳಿಗೆಯಲ್ಲಿ ಹೊಳೆದದ್ದು, ಸರಿಯಿತ್ತೋ ಇಲ್ಲವೋ. ಆಕೆ ಅಕ್ಕಿ ಡಬ್ಬಿಯಿಂದ ಮೂವತ್ತು ತೆಗೆದುಕೊಟ್ಟಳು, ಕಾಫಿ ಕೊಟ್ಟಳು, ನನಗೆ ಕೇಳಲು ಬರುವುದಿಲ್ಲ ಎಂದು ಬೈದಳು.

ಹತ್ತು ದಿನ, ಕೆಲಸ ಬಿಟ್ಟ ಮೇಲೆ, ಕತ್ತಲಾಗುವವರೆಗೆ ತಿರುಗಿದೆ. ಕೊಟ್ಟವರು ಎಷ್ಟೋ ಜನ, ಕೊಡದವರು ಎಷ್ಟೋ ಜನ. ಹುಚ್ಚೀರಮ್ಮ ಆ ಸೋಮವಾರದ ನಷ್ಟ ಹಿಡಿದುಕೊಂಡು ಹದಿನೆಂಟು ಕೊಟ್ಟಳು. ಇಂದುಮತಿ ಇನ್ನೂರು ತಂದಳು, ಮೂವತ್ತೇ ತೆಗೆದುಕೊಂಡೆ, ಜಗಳವಾಯಿತು, ಅರವತ್ತಕ್ಕೆ ನಿಂತಿತು. ಒಂದು ಮನೆಯಲ್ಲಿ ತಮಗೆ ಬಾವಿ ಇದೆ, ನಲ್ಲಿಯ ಹಂಗಿಲ್ಲ ಅಂದರು. ಅವರ ಮೇಕೆ ಹೋದ ವರ್ಷ ಸಿಕ್ಕಿದ್ದು 'ಇವತ್ತು' ಮೂಲಕ ಎಂದು ನೆನಪಿಸಲು ನನಗೆ ಬಾಯಿ ಬರಲಿಲ್ಲ. ಮೇಕೆ ಅಲ್ಲೇ ನಿಂತು ನನ್ನನ್ನು ನೋಡುತ್ತಿತ್ತು.

ಗಡುವಿನ ದಿನ ಸಂಜೆ ಎಣಿಸಿದರೆ ಮುನ್ನೂರು ಚಿಲ್ಲರೆ ಕಡಿಮೆ. ಉಳಿದದ್ದು ಒಂದೇ ಮನೆ. ಅದನ್ನು ಬಿಟ್ಟುಬಿಡಬಹುದಿತ್ತು, ಮುನ್ನೂರನ್ನು ನಾನೇ ಹಾಕಬಹುದಿತ್ತು. ಆದರೆ ಊರಿನ ಪ್ರತಿ ಬಾಗಿಲನ್ನೂ ತಟ್ಟಿ ಒಂದನ್ನು ಬಿಟ್ಟರೆ, ಆ ಮನೆಯವರನ್ನು ಊರಿನಿಂದ ಹೊರಗಿಟ್ಟ ಹಾಗೆ ಆಗುವುದಿಲ್ಲವೇ? ಹೀಗೆ ಯೋಚಿಸುತ್ತ ನಡೆದು ಬೆಟ್ಟಯ್ಯನವರ ಮನೆಯ ಮುಂದೆ ನಿಂತಿದ್ದೆ.

ಅವರೇ ಬಾಗಿಲು ತೆರೆದರು.

"ಬಂದ್ಯಾ. ಊರೆಲ್ಲ ಸುತ್ತಿ ಕೊನೆಗೆ ಬಂದ್ಯಾ."

"ಮನೆಗೆ ಮೂವತ್ತು ಯಜಮಾನ್ರೆ. ವರ್ಷಕ್ಕೆ."

"ಎಷ್ಟು ಕಡಿಮೆ ಬಿದ್ದಿದೆ, ಅದನ್ ಹೇಳು."

ಮುನ್ನೂರ ಇಪ್ಪತ್ತು ಅಂದೆ. ಸುಳ್ಳು ಹೇಳುವ ಅಭ್ಯಾಸವಿಲ್ಲ.

"ಪೂರ್ತಿ ಕೊಡ್ತೀನಿ. ನಮ್ ಮಿಲ್ಲಿನ ಹೆಸರು ಒಂದ್ ಮೂಲೇಲಿ ಹಾಕ್ತೀಯಾ? ಸಣ್ಣಕ್ಕೆ?"

"ಇಲ್ಲ," ಅಂದೆ.

ಅದರ ಮುಂದೆ ಏನಾದರೂ ಸೇರಿಸಬೇಕು, ಕಾರಣವಿಲ್ಲದ ಇಲ್ಲ ಒರಟಾಗುತ್ತದೆ ಎಂದು ಪತ್ರವ್ಯವಹಾರದ ಮೇಷ್ಟ್ರು ಹೇಳಿದ್ದರು. ಕಾರಣಗಳನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ಮೊದಲನೆಯದು, ಎರಡನೆಯದು. ಮೂರನೆಯದನ್ನು ಹುಡುಕುವಷ್ಟರಲ್ಲಿ ಬೆಟ್ಟಯ್ಯನವರು ಒಳಗೆ ಹೋಗಿ ಬಂದು ನೋಟುಗಳನ್ನು ನನ್ನ ಕೈಗೆ ತುರುಕಿದ್ದರು. ಹಿಟ್ಟಿನ ವಾಸನೆ, ಪೂರ್ತಿ ಮುನ್ನೂರ ಇಪ್ಪತ್ತು.

"ಇನ್ನೇನ್ ನಿಂತಿದೀಯಾ?"

"ಯಾಕೆ ಹಾಕಲ್ಲ ಅಂತ ಹೇಳ್ಬೇಕಿತ್ತು."

"ನಿನ್ ಕತೆ ಯಾರಿಗೆ ಬೇಕಮ್ಮ. ಮನೇಲಿ ಮದುವೆ ಐತೆ, ನಾಳೆ ನಮ್ ಬೀದಿಗೆ ನೀರು ಎಷ್ಟು ಹೊತ್ತಿಗೆ ಅಂತ ಹಾಕು, ಸಾಕು."

ಮರುದಿನ ಬೆಳಿಗ್ಗೆ ಐದಕ್ಕೆ ಮುದ್ದಯ್ಯ ಫೋನು ಮಾಡಿದ. ಟ್ಯಾಂಕಿನ ಮಟ್ಟ ಇಳಿದಿತ್ತು. ಬೆಟ್ಟಯ್ಯನವರ ಬೀದಿಗೆ ನೀರಿರಲಿಲ್ಲ. ಇಲ್ಲ ಎಂದು ಹಾಕಿದೆ.